ನಾನೂರ ಹನ್ನೆರಡನೆಯ ಸತ್ತ ಚರ್ಚೆ

ಮೇಲ್ದಂಡೆ ಗೃಹತಾಪನ ದುರಸ್ತಿ ಚರ್ಚಾ ವೇದಿಕೆಯ ಏಳನೇ ನಿಯಮದ ಪ್ರಕಾರ, ನೂರ ಎಂಬತ್ತು ದಿನ ಯಾರೂ ಬಾಯಿ ಹಾಕದ ಚರ್ಚೆ ಸತ್ತಂತೆ. ಸತ್ತ ಚರ್ಚೆಯಲ್ಲಿ ಮಾತಾಡುವುದು ಅಸಭ್ಯತೆ. ಮೂರನೇ ನಿಯಮದ ಪ್ರಕಾರ, ಒಮ್ಮೆ ಚರ್ಚೆಯಾದ ವಿಷಯದ ಮೇಲೆ ಹೊಸ ಚರ್ಚೆ ತೆರೆಯುವುದು ಸೋಮಾರಿತನ. ಈ ಎರಡು ನಿಯಮಗಳ ನಡುವೆ ಉಳಿಯುವ ಜಾಗದಲ್ಲಿ ಸದಸ್ಯರು ಏನನ್ನು ಬೇಕಾದರೂ ಮುಕ್ತವಾಗಿ ಕೇಳಬಹುದು.

ವೇದಿಕೆ ಇರುವುದು ಇಂಟರ್ನೆಟ್ಟಿನಲ್ಲಿ. ಅದರ ಕಾರ್ಯಕಾರಿ ಸಮಿತಿ ಮಾತ್ರ ಪ್ರತಿ ಗುರುವಾರ ಸಂಜೆ ನಮ್ಮೂರಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಸೇರುತ್ತದೆ. ನಮ್ಮೂರು ಸುಪೀರಿಯರ್ ಸರೋವರದ ಮೇಲಿನ ದಂಡೆಯಲ್ಲಿದೆ. ಇಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮನೆ ಬೆಚ್ಚಗಿಡುವ ಫರ್ನೇಸ್ ಇಲ್ಲದೆ ಬದುಕುವುದು ಮೀನುಗಳಿಗೆ ಮಾತ್ರ ಸಾಧ್ಯ. ಆದ್ದರಿಂದ ವೇದಿಕೆಗೆ ಸಾವಿರದ ಒಂಬೈನೂರು ಸದಸ್ಯರಿದ್ದಾರೆ. ಈವರೆಗೆ ಒಂಬತ್ತು ಸಾವಿರದ ಇನ್ನೂರ ಹದಿನಾಲ್ಕು ಚರ್ಚೆಗಳು ನಡೆದಿವೆ. ಅವುಗಳಲ್ಲಿ 'ಬಗೆಹರಿದಿದೆ' ಎಂಬ ಹಸಿರು ಮುದ್ರೆ ಬಿದ್ದಿದ್ದು ಒಂದಕ್ಕೆ. ಅದು ನಾನೂರ ಹನ್ನೆರಡನೆಯದು.

ಹದಿನಾಲ್ಕು ವರ್ಷಗಳ ಹಿಂದೆ 'ಬೆಚ್ಚಗಿನ ಕರಡಿ' ಎಂಬ ಹೆಸರಿನ ಸದಸ್ಯನೊಬ್ಬ ಅಲ್ಲಿ ಬರೆದಿದ್ದ: "ನನ್ನ ನಾರ್ತ್‌ಲೈಟ್ ಎಂಬತ್ತು ಫರ್ನೇಸ್ ಹೊತ್ತಿಕೊಳ್ಳುತ್ತದೆ, ನಾಲ್ಕು ಎಣಿಸುವಷ್ಟರಲ್ಲಿ ಆರಿಹೋಗುತ್ತದೆ, ಆಮೇಲೆ ಕೆಂಪು ದೀಪ ಮೂರು ಸಲ ಮಿಟುಕುತ್ತದೆ. ಏನು ಮಾಡಲಿ?" ಹದಿನೇಳು ಮಂದಿ ಉತ್ತರಿಸಿದ್ದರು. ಐವರು ಮೊದಲು ಹುಡುಕಿ ನೋಡಬಾರದೇ ಎಂದು ಗದರಿದ್ದರು. ನಾಲ್ವರು ಫರ್ನೇಸಿನ ಹೆಸರು ಹೇಳಿ ಎಂದಿದ್ದರು, ಹೆಸರು ಮೊದಲ ಸಾಲಿನಲ್ಲೇ ಇತ್ತು. ಉಳಿದವರು ಗ್ಯಾಸ್ ಮೇಲೋ ಎಣ್ಣೆ ಮೇಲೋ ಎಂದು ತಮ್ಮೊಳಗೆ ಜಗಳವಾಡಿಕೊಂಡಿದ್ದರು. ಮೂರನೇ ದಿನ ಕರಡಿ ಬರೆದ: "ಸರಿ ಹೋಯಿತು. ತುಂಬ ಸುಲಭ. ಎಲ್ಲರಿಗೂ ಧನ್ಯವಾದ." ಏನು ಮಾಡಿದೆ ಎಂದು ಕರಡಿ ಬರೆಯಲಿಲ್ಲ. ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ. ಹಸಿರು ಮುದ್ರೆ ಬಿತ್ತು.

ಕರಡಿ ಎಂದರೆ ಎಲ್‌ವುಡ್ ಪ್ರಿಂಗಲ್ ಎನ್ನುವುದು ಊರಿಗೆಲ್ಲ ಗೊತ್ತು. ಆತ ಪುರಸಭೆಯಲ್ಲಿ ನಾಯಿಗಳಿಗೆ ಲೈಸೆನ್ಸ್ ಕೊಡುವ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ನಿವೃತ್ತನಾದವನು. ವೇದಿಕೆಯ ಇತಿಹಾಸದಲ್ಲಿ ಸಮಸ್ಯೆಯೊಂದನ್ನು ಬಗೆಹರಿಸಿದ ಏಕೈಕ ವ್ಯಕ್ತಿ ಎಂಬ ಕಾರಣಕ್ಕೆ ಅವನನ್ನು ಅಧ್ಯಕ್ಷನನ್ನಾಗಿ ಆರಿಸಲಾಯಿತು. ಅಲ್ಲಿಂದ ಈಚೆಗೆ ಬೇರೆ ಯಾರೂ ಅರ್ಹರಾಗಿಲ್ಲದ ಕಾರಣ ಅವನೇ ಮುಂದುವರಿದಿದ್ದಾನೆ.

ಊರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಅವತ್ತು ಫರ್ನೇಸ್ ಸರಿಮಾಡಿದವನು ಪ್ರಿಂಗಲ್ ಅಲ್ಲ, ರಿಪೇರಿಯವನು. ಪ್ರಿಂಗಲ್ ಅಡುಗೆಮನೆಯಲ್ಲಿ ಕಾಫಿ ಕಾಸುತ್ತಿದ್ದಾಗ ಅವನು ಕೆಳಗೆ ನೆಲಮಾಳಿಗೆಯಲ್ಲಿ ಐದು ನಿಮಿಷದಲ್ಲಿ ಕೆಲಸ ಮುಗಿಸಿ, ಕಾಫಿ ಕುಡಿದು, ನನ್ನ ಅಂಗಡಿಗೆ ಬಂದು, ಹೇಳಿ ನಕ್ಕಿದ್ದ. ನಾನು ಮೂವತ್ತೊಂದು ವರ್ಷದಿಂದ ಈ ಊರಿನಲ್ಲಿ ಫರ್ನೇಸ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಇಂಥ ಮಾತುಗಳು ನನ್ನ ಕೌಂಟರಿನ ಮೇಲೆ ಬಹಳ ಬೀಳುತ್ತವೆ. ನಾನು ಒರೆಸಿ ಇಟ್ಟುಕೊಳ್ಳುತ್ತೇನೆ.

ಹೋದ ವರ್ಷ ಜನವರಿಯ ಎರಡನೇ ಸೋಮವಾರ ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿದ್ದಾಗ ಐಲಿ ರೌಟಿಯೊಳ ಫರ್ನೇಸ್ ನಿಂತಿತು. ಐಲಿ ಪ್ರಾಥಮಿಕ ಶಾಲೆಯ ಅಡುಗೆಯವಳು. ಮನೆಯಲ್ಲಿ ಅವಳ ಜೊತೆ ಇರುವುದು ಅಣ್ಣ ತಾಪಿಯೊ. ಕಾಗದದ ಕಾರ್ಖಾನೆಯಲ್ಲಿ ದುಡಿದವನು, ಅದಕ್ಕೆ ಮೂರು ವಾರ ಮೊದಲು ಸೊಂಟದ ಕೀಲು ಬದಲಿಸಿಕೊಂಡು ಮಲಗಿದ್ದ. ಮಂಗಳವಾರ ಬೆಳಿಗ್ಗೆ ಐಲಿ ನನ್ನ ಕೌಂಟರಿಗೆ ಬಂದಳು.

"ವಾಸಿಲ್, ನಾರ್ತ್‌ಲೈಟ್ ಎಂಬತ್ತು. ಹೊತ್ಕೊಳ್ಳುತ್ತೆ, ನಾಲ್ಕು ಎಣಿಸೋದ್ರಲ್ಲಿ ಆರಿಹೋಗುತ್ತೆ. ಆಮೇಲೆ ಕೆಂಪು ದೀಪ ಮೂರು ಸಲ."

"ಮೂರೇನಾ?"

"ಮೂರು. ದಿನಾ ಇನ್ನೂರ ನಲವತ್ತು ಮಕ್ಕಳ ತಟ್ಟೆ ಎಣಿಸೋಳು ನಾನು."

"ಹಾಗಾದ್ರೆ ಏನೂಂತ ಗೊತ್ತಾಯ್ತು ಬಿಡು."

"ಏನು?"

"ವೇದಿಕೇಲಿ ಕೇಳು."

ಅವಳು ಟೋಪಿ ತೆಗೆದು ಕೌಂಟರಿನ ಮೇಲಿಟ್ಟಳು. "ಗೊತ್ತಾಯ್ತು ಅಂದ್ಯಲ್ಲ ಈಗ. ಬಾಯಲ್ಲಿ ಹೇಳೋಕೇನು ಕಷ್ಟ?"

"ನಾನು ವ್ಯಾಪಾರಿ ಸದಸ್ಯ ಕಣಮ್ಮ. ಹದಿನಾಲ್ಕನೇ ನಿಯಮ. ಸಾಮಾನು ಮಾರೋನು ಪರಿಹಾರ ಹೇಳಿದ್ರೆ ಅದು ಜಾಹೀರಾತು ಆಗುತ್ತೆ."

"ಯಾವ ಪುಣ್ಯಾತ್ಮ ಮಾಡಿದ್ದು ಆ ನಿಯಮಾನ?"

ಆ ನಿಯಮವನ್ನು ಸೂಚಿಸಿದವನು ನಾನೇ. ಹಿಂದೆ ಜನ ಫೋನು ಮಾಡಿ ಪುಕ್ಕಟೆ ಸಲಹೆ ಕೇಳಿ, ಸರಿಮಾಡಿಕೊಂಡು, ಏನನ್ನೂ ಕೊಳ್ಳದೆ ಸುಖವಾಗಿರುತ್ತಿದ್ದರು. ಈ ದುರುಪಯೋಗ ತಪ್ಪಿಸಲು ವ್ಯಾಪಾರಿಗಳ ನಿಷ್ಪಕ್ಷಪಾತ ಎಂಬ ಶೀರ್ಷಿಕೆಯಲ್ಲಿ ನಿಯಮ ತರಲಾಯಿತು. ಈ ಬರಹ ಓದುವವರಿಗೆ ನಿಯಮ ಅನ್ವಯಿಸದ ಕಾರಣ ಇಲ್ಲಿ ಹೇಳಬಹುದು. ಫರ್ನೇಸಿನೊಳಗೆ ಬೆರಳುದ್ದದ ಒಂದು ಕಡ್ಡಿ ಇರುತ್ತದೆ. ಬೆಂಕಿ ಹೊತ್ತಿದೆಯೋ ಇಲ್ಲವೋ ಎಂದು ನೋಡುವುದು ಅದರ ಕೆಲಸ. ಅದಕ್ಕೆ ಮಸಿ ಹಿಡಿದರೆ ಬೆಂಕಿ ಕಾಣುವುದಿಲ್ಲ, ಗ್ಯಾಸ್ ನಿಲ್ಲಿಸಿಬಿಡುತ್ತದೆ. ಕಡ್ಡಿಯನ್ನು ಬಿಚ್ಚಿ, ಪಾತ್ರೆ ಉಜ್ಜುವ ಸ್ಟೀಲಿನ ನಾರಿನಲ್ಲಿ ಉಜ್ಜಿ, ಮತ್ತೆ ಹಾಕಿದರೆ ಮುಗಿಯಿತು. ಸ್ಟೀಲಿನ ನಾರು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ.

ಐಲಿ ಹೋಗುವಾಗ ಎರಡು ಕರೆಂಟ್ ಹೀಟರ್ ಒಯ್ದಳು. ಹದಿನಾಲ್ಕನೇ ನಿಯಮ ಹೀಟರ್ ಮಾರುವುದನ್ನು ತಡೆಯುವುದಿಲ್ಲ.

ನೇರವಾಗಿ ರಿಪೇರಿಯವನನ್ನು ಕರೆಸಬಹುದಿತ್ತಲ್ಲ ಎಂದು ಹೊರಗಿನವರು ಕೇಳಬಹುದು. ಊರಿನಲ್ಲಿ ಲೈಸೆನ್ಸ್ ಇರುವ ರಿಪೇರಿಯವರು ಇಬ್ಬರು. ಒಬ್ಬ ಚಳಿಗಾಲ ಪೂರ್ತಿ ಫ್ಲೋರಿಡಾದಲ್ಲಿರುತ್ತಾನೆ, ಫರ್ನೇಸ್ ದುಡ್ಡಿನಲ್ಲಿ ಅಷ್ಟು ಬಿಸಿಲು ಕೊಳ್ಳಲು ಬರುತ್ತದೆ. ಇನ್ನೊಬ್ಬ ಮಾರ್ಕಸ್ ಬೂವಾ, ಹದಿನಾಲ್ಕು ದಿನ ಆದ ಮೇಲೆ ಬರುತ್ತೇನೆ ಎಂದ. ನಾರ್ತ್‌ಲೈಟ್ ತಯಾರಿಸುತ್ತಿದ್ದದ್ದು ಇದೇ ಊರಿನ ಕಾರ್ಖಾನೆ, ಮುಚ್ಚಿ ಕಾಲವಾಯಿತು. ಅದರ ಬಗ್ಗೆ ಮಾತಾಡುವ ಜಾಗ ಭೂಮಿಯ ಮೇಲೆ ವೇದಿಕೆ ಒಂದೇ.

ಐಲಿ ಅಲ್ಲಿ ಹುಡುಕಿದಳು. ನಾನೂರ ಹನ್ನೆರಡು ಸಿಕ್ಕಿತು. ತನ್ನದೇ ಫರ್ನೇಸ್, ತನ್ನದೇ ನಾಲ್ಕು ಎಣಿಕೆ, ತನ್ನದೇ ಮೂರು ಮಿಟುಕು. ಕೊನೆಯ ಸಾಲು ಓದಿ, ಅದರ ಕೆಳಗೆ ಬರೆದಳು: "ಕರಡಿಯವರೇ, ಏನು ಮಾಡಿದಿರಿ ಅಂತ ದಯವಿಟ್ಟು ಹೇಳಿ." ನಾಲ್ಕು ನಿಮಿಷದಲ್ಲಿ ಅದನ್ನು ತೆಗೆದುಹಾಕಲಾಯಿತು. ಅವಳು ಹೊಸ ಚರ್ಚೆ ತೆರೆದಳು. ಆರು ನಿಮಿಷದಲ್ಲಿ ಅದಕ್ಕೆ ಬೀಗ ಬಿತ್ತು. ಬೀಗದ ಕೆಳಗೆ ಷರಾ: "ಈ ವಿಷಯ ೪೧೨ರಲ್ಲಿ ಬಗೆಹರಿದಿದೆ. ಹುಡುಕಿ ನೋಡುವ ಸೌಜನ್ಯವಿರಲಿ." ಅವಳು 'ಸಾಮಾನ್ಯ ಹರಟೆ' ಎಂಬ ವಿಭಾಗಕ್ಕೆ ಹೋಗಿ, "ನನ್ನ ಮನೆಯಲ್ಲಿ ಈಗ ಒಂಬತ್ತು ಡಿಗ್ರಿ ಇದೆ" ಎಂದು ಬರೆದಳು. ಗಮನ ಸೆಳೆಯುವ ಉದ್ದೇಶದ ಬರಹ ಎಂಬ ಕಾರಣಕ್ಕೆ ಅದೂ ಹೋಯಿತು. ಬುಧವಾರ ಬೆಳಿಗ್ಗೆ ವೇದಿಕೆಯ ಮುಖಪುಟದಲ್ಲಿ ಈ ಪ್ರಕಟಣೆ ಕಾಣಿಸಿತು:

"ಈ ಮೂಲಕ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಸತ್ತ ಚರ್ಚೆಗಳನ್ನು ಏಕಾಏಕಿ ಎಬ್ಬಿಸುವ ಪ್ರವೃತ್ತಿ ಚಳಿಗಾಲದಲ್ಲಿ ಹೆಚ್ಚುತ್ತಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಬೇಸಿಗೆಯಲ್ಲಿ ಇಂಥ ಅಶಿಸ್ತು ಕಂಡುಬಂದಿಲ್ಲ. ಸದಸ್ಯರು ಋತುಮಾನ ಏನೇ ಇರಲಿ, ಒಂದೇ ಸಮನಾದ ಸಂಯಮ ತೋರತಕ್ಕದ್ದು. ಚರ್ಚೆಯನ್ನು ಎಬ್ಬಿಸಲೇಬೇಕಾದವರು ೭-ಬಿ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು."

೭-ಬಿ ನಮೂನೆ ಕಷ್ಟದ್ದೇನಲ್ಲ. ಚರ್ಚೆ ಸತ್ತಿದೆ ಎಂದು ಇಬ್ಬರು ಸದಸ್ಯರ ದೃಢೀಕರಣ ಬೇಕು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ, ಓದಿಯೂ ನನಗೆ ಅರ್ಥವಾಗಲಿಲ್ಲ, ತಪ್ಪು ನನ್ನದು ಎಂದು ಅರ್ಜಿದಾರರು ಪ್ರಮಾಣ ಮಾಡಬೇಕು. ಚರ್ಚೆ ಎದ್ದಾಗ ಹಳೆಯ ಸದಸ್ಯರ ಇಮೇಲ್ ಪೆಟ್ಟಿಗೆಗೆಲ್ಲ ಸೂಚನೆ ಹೋಗುವುದರಿಂದ, ಅವರಿಗೆ ಆಗುವ ತೊಂದರೆಗೆ ಮುಂಗಡ ಕ್ಷಮೆ ಕೇಳಬೇಕು. ಕೊನೆಯದಾಗಿ, ಚರ್ಚೆ ಆರಂಭಿಸಿದವರ ಒಪ್ಪಿಗೆ ಬೇಕು.

ಕ್ಷಮಾಪಣೆ ಹದಿನೇಳು ಮಂದಿಗೆ ಹೋಯಿತು. ನಾಲ್ವರು ತೀರಿಕೊಂಡಿದ್ದರು. ಅವರಲ್ಲಿ ಒಬ್ಬನ ಹೆಂಡತಿ ಉತ್ತರ ಬರೆದಳು: "ಹಾರ್ವಿ ಹೋಗಿ ಹತ್ತು ವರ್ಷವಾಯಿತು. ಕರಡಿ ಏನು ಮಾಡಿದ ಅಂತ ಬರೆಯಲೇ ಇಲ್ಲ ಎಂದು ಅವರು ಬಹಳ ದಿನ ಹೇಳುತ್ತಿದ್ದರು. ಗೊತ್ತಾದರೆ ನನಗೂ ತಿಳಿಸಿ." ಈ ಪತ್ರ ನಿಗದಿತ ನಮೂನೆಯಲ್ಲಿ ಇಲ್ಲದ ಕಾರಣ ಪರಿಗಣಿಸಲಿಲ್ಲ.

ಒಪ್ಪಿಗೆಯ ವಿಷಯಕ್ಕೆ ಬಂದರೆ, ಅಧ್ಯಕ್ಷ ಪ್ರಿಂಗಲ್ ಬುಧವಾರವೇ ಕರಡಿಗೆ ಪತ್ರ ಬರೆದ. ಉತ್ತರಿಸಲು ಏಳು ದಿನ ಕಾಲಾವಕಾಶ ಕೊಟ್ಟ. ಕರಡಿ ಏಳನೇ ದಿನ ಉತ್ತರಿಸಿದ. ಆರನೇ ದಿನ ಐಲಿ ಅವನನ್ನು ದಿನಸಿ ಅಂಗಡಿಯಲ್ಲಿ ಮೊಟ್ಟೆಯ ಹತ್ತಿರ ಹಿಡಿದಳಂತೆ. ಇಬ್ಬರೂ ಮೂರನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

"ಎಲ್‌ವುಡ್, ಮನೇಲಿ ಆರು ಡಿಗ್ರಿ."

"ಕರಡಿಗೆ ಪತ್ರ ಹೋಗಿದೆ."

"ಕರಡಿ ನೀನೇ ಕಣೋ."

"ಹಾಗಂತ ಅಧ್ಯಕ್ಷರು ಕರಡಿ ಮೇಲೆ ಒತ್ತಡ ಹಾಕೋಕಾಗುತ್ತಾ? ನಾಳೆ ಯಾರಾದ್ರೂ ಕೇಳಿದ್ರೆ?" ಎಂದು ಪ್ರಿಂಗಲ್ ಹನ್ನೆರಡು ಮೊಟ್ಟೆ ತೆಗೆದುಕೊಂಡು ಹೋದನಂತೆ. ಇದನ್ನು ನನಗೆ ಹೇಳಿದ್ದು ಅಂಗಡಿಯವಳು. ಅವಳಿಗೂ ಪ್ರಿಂಗಲ್ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಅಷ್ಟು ಹೊತ್ತಿಗೆ ಅಣ್ಣ ತಂಗಿ ಹಿತ್ತಲಿನ ಸೌನಾದಲ್ಲಿ ವಾಸವಾಗಿದ್ದರು. ಫಿನ್ನಿಷ್ ಜನರ ಮನೆಯಲ್ಲಿ ಏನಿಲ್ಲದಿದ್ದರೂ ಕಟ್ಟಿಗೆ ಒಲೆಯ ಈ ಬೆವರುವ ಗುಡಿಸಲು ಇರುತ್ತದೆ. ಮನೆಯಲ್ಲಿ ನಾನು ಮಾರಿದ ಎರಡೂ ಹೀಟರುಗಳನ್ನು ಒಟ್ಟಿಗೆ ಹಾಕಿದರೆ ಫ್ಯೂಸು ಹಾರುತ್ತಿತ್ತು. ಒಂದನ್ನು ಅಡುಗೆಮನೆಯ ನೀರಿನ ಪೈಪಿನ ಕಡೆಗೆ ತಿರುಗಿಸಿಟ್ಟಿದ್ದರು. ಮನುಷ್ಯರಿಗೆ ಸೌನಾ ಇತ್ತು, ಪೈಪುಗಳಿಗೆ ಇರಲಿಲ್ಲ. ನೀರು ಹೆಪ್ಪುಗಟ್ಟಿ ಪೈಪು ಒಡೆದರೆ ಅವರ ಅಪ್ಪ ಕೈಯಾರೆ ಹಾಕಿದ ಮರದ ನೆಲ ಹೋಗುತ್ತದೆ ಎಂಬುದೇ ಐಲಿಯ ಚಿಂತೆ. ಮುಖ್ಯ ಕವಾಟ ಮುಚ್ಚೋಣವೆಂದರೆ ಅದು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಎರಡನೇ ವಾರದ ಬುಧವಾರ ನಾನು ಪೈಪಿಗೆ ಸುತ್ತುವ ಬಿಸಿ ಪಟ್ಟಿ ತಲುಪಿಸಲು ಹೋದೆ. ತಾಪಿಯೊ ಸೌನಾದ ಕೆಳಗಿನ ಹಲಗೆಯ ಮೇಲೆ, ಬರೀ ಟವೆಲ್ಲಿನಲ್ಲಿ, ಊರುಗೋಲನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದ.

"ಬಾ ವಾಸಿಲ್. ಬಾಗಿಲು ಹಾಕು. ಇಲ್ಲಿ ಎಲ್ಲಾ ಬಿಚ್ಚಿ ಕೂರ್ಬೇಕು. ನಿನ್ನ ಆ ಜೇಬನ್ನೂ."

"ಪಟ್ಟಿ ತಂದಿದೀನಿ ಅಷ್ಟೆ. ಹೋಗ್ಬೇಕು."

"ನನ್ನನ್ನ ಯಾರಾದ್ರೂ ಎತ್ಕೊಂಡು ಹೋಗಿ ಆ ಫರ್ನೇಸ್ ಮುಂದೆ ಕೂರಿಸಿದ್ರೆ ಅರ್ಧ ಗಂಟೇಲಿ ಹುಡುಕ್ತೀನಿ. ನೆಲಮಾಳಿಗೆಗೆ ಮೆಟ್ಟಿಲು ಹನ್ನೊಂದು. ಡಾಕ್ಟರು ಒಂದಕ್ಕೂ ಬಿಡಲ್ಲ." ಅವನು ಒಲೆಯ ಕಲ್ಲಿನ ಮೇಲೆ ಒಂದು ಸೌಟು ನೀರು ಹೊಯ್ದ. ಹಬೆ ನೇರವಾಗಿ ನನ್ನ ಕಡೆಗೆ ಬಂತು. "ಒಂದೇ ಒಂದು ಹೇಳು. ದೊಡ್ಡದಾ, ಚಿಕ್ಕದಾ?"

"ಅದು ಹೇಳಿದ್ರೆ ಉತ್ತರ ಕೊಟ್ಟ ಹಾಗಾಗುತ್ತೆ, ತಾಪಿಯೊ."

"ಐಲಿ," ಎಂದು ಅವನು ಹೊರಗೆ ಕೂಗಿದ. "ಚಿಕ್ಕದಂತೆ. ದೊಡ್ಡದಾಗಿದ್ರೆ ಇಷ್ಟು ಹೊತ್ತಿಗೆ ಮಾರಿರ್ತಿದ್ದ."

ಹೊರಕೋಣೆಯಲ್ಲಿ ಕೋಟು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಐಲಿ ತಲೆ ಎತ್ತಲಿಲ್ಲ. ಸೌನಾದಿಂದ ಬರೆಯುತ್ತಿದ್ದೇನೆ ಎಂದು ಅವಳು ಅರ್ಜಿಯ ಕೊನೆಯಲ್ಲಿ ನಮೂದಿಸಿದ್ದಳು. ಕಟ್ಟಿಗೆಯಿಂದ ಉರಿಯುವ ವ್ಯವಸ್ಥೆಗಳು ಹತ್ತೊಂಬತ್ತನೇ ನಿಯಮದಡಿ ಬೇರೆ ವಿಭಾಗಕ್ಕೆ ಸೇರುತ್ತವೆ, ಆದ್ದರಿಂದ ಅರ್ಜಿದಾರರು ಈಗ ಯಾವ ವಿಭಾಗದ ಸದಸ್ಯರು ಎಂದು ಸ್ಪಷ್ಟಪಡಿಸತಕ್ಕದ್ದು ಎಂದು ಸಮಿತಿ ಕೇಳಿತ್ತು. ಅವಳು ಅದಕ್ಕೆ ಉತ್ತರ ಬರೆಯುತ್ತಿದ್ದಳು. ಬೆರಳು ಬೆಚ್ಚಗಾಗಲು ಪ್ರತಿ ಸಾಲಿಗೊಮ್ಮೆ ಎದ್ದು ಒಳಗೆ ಹೋಗಿ ಬರುತ್ತಿದ್ದಳು.

ಗುರುವಾರ ವಿಚಾರಣೆ ನಡೆಯಿತು. ಕರ್ಲಿಂಗ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಉದ್ದ ಮೇಜು, ಆರು ಮಂದಿ, ಕಾಫಿ, ಗುಲಾಬಿ ಸಕ್ಕರೆ ಬಳಿದ ಬನ್ನು. ಕೋಣೆಗೆ ಆಗಿನ್ನೂ ಸ್ವಂತ ಫರ್ನೇಸ್ ಇರಲಿಲ್ಲ, ನಾನು ಬಾಡಿಗೆಗೆ ಕೊಟ್ಟ ಹೀಟರ್ ಇತ್ತು. ವ್ಯಾಪಾರಿ ಸದಸ್ಯನಾಗಿ ನಾನು ಗೋಡೆಯ ಪಕ್ಕ ಕೂತೆ.

ಪ್ರಿಂಗಲ್ ಅಧ್ಯಕ್ಷರ ಕುರ್ಚಿಯಿಂದ ಕರಡಿಯನ್ನು ಕರೆದ. ಎದ್ದು, ಮೇಜಿನ ಆ ಬದಿಗೆ ಹೋಗಿ, ಇನ್ನೊಂದು ಕುರ್ಚಿಯಲ್ಲಿ ಕೂತು, ಕನ್ನಡಕ ಬದಲಿಸಿ, ಕರಡಿಯ ಹೇಳಿಕೆ ಓದಿದ: "೪೧೨ನ್ನು ಎಬ್ಬಿಸಲು ನನ್ನ ಅಡ್ಡಿ ಇಲ್ಲ. ಆದರೆ ಅಂದು ನಾನು ಆಡಿದ ಮಾತುಗಳು ಪೂರ್ಣವಾಗಿವೆ. ಅವುಗಳಿಗೆ ಹೊಸದಾಗಿ ಏನನ್ನೂ ಸೇರಿಸಲು ನನ್ನನ್ನು ಒತ್ತಾಯಿಸತಕ್ಕದ್ದಲ್ಲ."

"ಎಲ್‌ವುಡ್," ಎಂದಳು ಐಲಿ. "ಮನೇಲಿ ನಾಲ್ಕು ಡಿಗ್ರಿ. ಏನು ಮಾಡ್ದೆ ಅವತ್ತು? ಒಂದು ಮಾತು ಸಾಕು."

"ಅರ್ಜಿದಾರರು ಸಮಿತಿಯನ್ನು ಉದ್ದೇಶಿಸಿ ಮಾತಾಡತಕ್ಕದ್ದು," ಎಂದ ಕರಡಿ.

"ಸರಿ. ಸಮಿತಿಯವರೇ, ಇವನು ಏನು ಮಾಡ್ದ ಅಂತ ಇವನನ್ನ ಕೇಳಿ."

ಪ್ರಿಂಗಲ್ ತನ್ನ ಕುರ್ಚಿಗೆ ವಾಪಸಾಗಿ, ಕನ್ನಡಕ ಬದಲಿಸಿಕೊಂಡ. "ಪ್ರಶ್ನೆ ಸಮಂಜಸವಾಗಿದೆ. ಆದರೆ ಕರಡಿ ಈಗ ಕುರ್ಚಿಯಲ್ಲಿ ಇಲ್ಲ."

ಯಾರೂ ನಗಲಿಲ್ಲ. ಸಮಿತಿಯ ಉಳಿದವರೆಲ್ಲ ಖಾಲಿ ಕುರ್ಚಿಯ ಕಡೆ ನೋಡಿ, ಇಲ್ಲ ಎಂದು ಖಚಿತಪಡಿಸಿಕೊಂಡರು. ಪ್ರಿಂಗಲ್ ಮಾತ್ರ ನನ್ನ ಕಡೆ ನೋಡಿದ. ಅವನ ಹಣೆಯ ಮೇಲೆ ಬೆವರು ಕಾಣಿಸಿತು. ಆ ಕೋಣೆಯಲ್ಲಿ ಅವತ್ತು ಬೆವರಿದವನು ಅವನೊಬ್ಬನೇ. ನಾನು ಚಾವಣಿಯ ಕಡೆ ನೋಡಿದೆ. ಗಿರಾಕಿಯ ಗುಟ್ಟು ಕಾಯುವುದು ನಮ್ಮ ಕಸುಬಿನ ಮರ್ಯಾದೆ. ಅಲ್ಲದೆ ಕೋಣೆಗೆ ಫರ್ನೇಸ್ ಕೊಳ್ಳುವ ವಿಷಯ ಅಂದಿನ ಕಾರ್ಯಸೂಚಿಯಲ್ಲಿ ಐದನೆಯದಾಗಿತ್ತು.

ಅರ್ಜಿ ಸರ್ವಾನುಮತದಿಂದ ಮಂಜೂರಾಯಿತು. ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ೪೧೨ ಜೀವಂತವಾಗಿರತಕ್ಕದ್ದು ಎಂದು ಆದೇಶವಾಯಿತು. ಐಲಿ ಸಮಿತಿಗೆ ಧನ್ಯವಾದ ಹೇಳಿದಳು. ಹೇಳದಿದ್ದರೆ ಆದೇಶ ಜಾರಿಗೆ ಬರುತ್ತಿರಲಿಲ್ಲ.

ಶುಕ್ರವಾರ ಹನ್ನೆರಡಕ್ಕೆ ಚರ್ಚೆ ಎದ್ದಿತು. ಐಲಿ ಪ್ರಶ್ನೆ ಹಾಕಿದಳು. ಸಂಜೆಯೊಳಗೆ ನಲವತ್ತಮೂರು ಉತ್ತರ ಬಂದವು. ವೇದಿಕೆಯಲ್ಲಿ ಇಷ್ಟು ಸಂಭ್ರಮ ನಾನು ನೋಡಿದ್ದಿಲ್ಲ. ಮೂವತ್ತೊಂದು ಮಂದಿ ಅನುಮತಿ ಪಡೆದು ಎಬ್ಬಿಸಿದ್ದಕ್ಕೆ ಅಭಿನಂದಿಸಿದ್ದರು. ಇಂಥ ಸೌಜನ್ಯ ಇತ್ತೀಚಿನವರಲ್ಲಿ ಇಲ್ಲ ಎಂದು ಕೆಲವರು ಕಣ್ಣೀರಿಟ್ಟಿದ್ದರು. ಇಬ್ಬರು ಫರ್ನೇಸಿನ ಹೆಸರೇನು ಎಂದು ಕೇಳಿದ್ದರು. ಒಬ್ಬ ಹೊಸಬ, "ಆ ಕಡ್ಡಿಯನ್ನು ಒಮ್ಮೆ ಬಿಚ್ಚಿ..." ಎಂದು ಶುರುಮಾಡಿದ್ದ. ಲೈಸೆನ್ಸ್ ಸಂಖ್ಯೆ ನಮೂದಿಸದ ಕಾರಣ ಅವನ ಬರಹವನ್ನು ಎರಡನೇ ವಾಕ್ಯಕ್ಕೆ ಮುಂಚೆಯೇ ತಡೆಹಿಡಿಯಲಾಯಿತು. ಉಳಿದವರು ಗ್ಯಾಸ್ ಮೇಲೋ ಎಣ್ಣೆ ಮೇಲೋ ಎಂಬಲ್ಲಿಗೆ ಬಂದಿದ್ದರು. ಹದಿನಾಲ್ಕು ವರ್ಷ ಹಿಂದೆ ನಿಂತ ಮಾತನ್ನು ಇಬ್ಬರು ಅದೇ ಜಾಗದಿಂದ ಎತ್ತಿಕೊಂಡರು.

ಶನಿವಾರ ಮಧ್ಯಾಹ್ನ ಎರಡೂವರೆಗೆ ಐಲಿಯ ಅಡುಗೆಮನೆಯ ಪೈಪು, ಬಿಸಿ ಪಟ್ಟಿ ತಲುಪದ ಗೋಡೆಯೊಳಗೆ, ಒಡೆಯಿತು. ಪುರಸಭೆಯವರು ಬಂದು ಬೀದಿಯಲ್ಲಿ ನೀರು ನಿಲ್ಲಿಸುವಷ್ಟರಲ್ಲಿ ಅಪ್ಪ ಹಾಕಿದ ಮರದ ನೆಲ ಮುಂದಿನ ಬಾಗಿಲವರೆಗೂ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಹಲಗೆಗಳು ಒಂದೊಂದಾಗಿ ಸಿಡಿದು ಎದ್ದುವು. ಸೌನಾದಲ್ಲಿದ್ದ ತಾಪಿಯೊಗೆ ಆ ಸದ್ದು ಕೇಳಿಸುತ್ತಿತ್ತಂತೆ. "ಕುಳಿತಲ್ಲೇ ಎಣಿಸಿದೆ. ಅರವತ್ತೆರಡು," ಎಂದು ಆಮೇಲೆ ನನಗೆ ಹೇಳಿದ. ಐಲಿ ಚರ್ಚೆಯಲ್ಲಿ ಬರೆದಳು: "ಪೈಪು ಒಡೆಯಿತು." ಕೊಳಾಯಿ ವಿಷಯಗಳು ವೇದಿಕೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದನ್ನು ತೆಗೆಯಲಾಯಿತು.

ಸೋಮವಾರ, ಮಾತು ಕೊಟ್ಟಂತೆ ಹದಿನಾಲ್ಕನೇ ದಿನ, ಮಾರ್ಕಸ್ ಬೂವಾ ಬಂದ. ಹೊಸ ಫರ್ನೇಸನ್ನು ನಾನೇ ವ್ಯಾನಿನಲ್ಲಿ ತಂದಿದ್ದೆ, ಅವನ ಎರಡನೇ ಓಡಾಟ ಉಳಿಯಲಿ ಎಂದು. ಮಾರ್ಕಸ್ ಹಳೆಯದರ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದ.

"ವಾಸಿಲ್, ಇದು ಬರೀ..."

"ಮಾರ್ಕಸ್," ಎಂದೆ. "ನೀನೂ ವ್ಯಾಪಾರಿ ಸದಸ್ಯ."

ಅವನು ಮುಚ್ಚಳ ಕೈಯಲ್ಲೇ ಹಿಡಿದು ಮೆಟ್ಟಿಲ ಕಡೆ ನೋಡಿದ. ಮೆಟ್ಟಿಲ ಮೇಲೆ ಐಲಿ ಕೋಟಿನಲ್ಲಿ ಕೂತಿದ್ದಳು. "ಏನು ಬರೀ?" ಎಂದು ಕೇಳಿದಳು.

"ಬರೀ ಹಳೇದಾಗಿದೆ," ಎಂದು ಮಾರ್ಕಸ್ ಮುಚ್ಚಳ ಹಾಕಿದ.

ಹೊಸ ಫರ್ನೇಸ್ ಉರಿದು ಸಂಜೆಗೆ ಮನೆ ಇಪ್ಪತ್ತು ಡಿಗ್ರಿಗೆ ಬಂತು. ೭-ಬಿಯ ಇನ್ನೊಂದು ಕಲಮಿನಂತೆ, ಅವಧಿ ಮುಗಿದ ಮೇಲೆ ಚರ್ಚೆ ಎಬ್ಬಿಸಿದವರೇ ಅದನ್ನು ಮತ್ತೆ ಮಲಗಿಸಬೇಕು, ಮೂರು ಪದ ಮೀರಬಾರದು. ಐಲಿ ಬರೆದಳು: "ಸರಿ ಹೋಯಿತು. ಧನ್ಯವಾದ." ನಾನೂರ ಹನ್ನೆರಡರ ಮೇಲೆ ಎರಡನೇ ಹಸಿರು ಮುದ್ರೆ ಬಿತ್ತು. ಒಂದೇ ಚರ್ಚೆ ಎರಡು ಸಲ ಬಗೆಹರಿದ ಉದಾಹರಣೆ ದೇಶದ ಬೇರೆ ಯಾವ ವೇದಿಕೆಯಲ್ಲೂ ಇಲ್ಲ ಎಂದು ಪ್ರಿಂಗಲ್ ಪ್ರಕಟಿಸಿದ.

ಸಮಸ್ಯೆ ಬಗೆಹರಿಸಿದ ಎರಡನೇ ವ್ಯಕ್ತಿ ಎಂಬ ನೆಲೆಯಲ್ಲಿ ಐಲಿಯನ್ನು ಕಾರ್ಯಕಾರಿ ಸಮಿತಿಗೆ ಆರಿಸಲಾಯಿತು. ಅವಳು ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಕೌಂಟರಿನಲ್ಲಿ ಕೇಳಿಯೇಬಿಟ್ಟೆ.

"ಒಪ್ಪದೆ ಏನು ಮಾಡ್ಲಿ?" ಎಂದಳು. "ಚಳೀಲಿ ಬಾಗಿಲು ತಟ್ಟೋದು ಒಂದು ಸಲ ಸಾಕು. ಒಳಗಿದ್ರೆ ಬಾಗಿಲು ಹಾಕೋರ ಕಡೆ ಇರ್ತೀನಿ."

ಹಳೆಯ ನಾರ್ತ್‌ಲೈಟನ್ನು ನಾನು ಗುಜರಿಯೆಂದು ಹೊತ್ತು ತಂದೆ. ಅಂಗಡಿಯ ಹಿಂದೆ ಕಡ್ಡಿ ಬಿಚ್ಚಿ, ಉಜ್ಜಿ, ಹಾಕಿದೆ. ಸೊಗಸಾಗಿ ಉರಿಯಿತು. ವೇದಿಕೆಯ ಕೋಣೆಗೆ ಬಳಸಿದ ಮಾಲಿನ ಬೆಲೆಗೇ ಕೊಟ್ಟೆ. ಸಮಾರಂಭದಲ್ಲಿ ಪ್ರಿಂಗಲ್ ರಿಬ್ಬನ್ ಕತ್ತರಿಸಿ, ಇದು ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಹದಿನೆಂಟು ವರ್ಷ ಸೇವೆ ಸಲ್ಲಿಸಿದೆ ಎಂದ. ಐಲಿ ಚಪ್ಪಾಳೆ ತಟ್ಟಿದಳು.

ಮುಂದಿನ ಜನವರಿಯಲ್ಲಿ, ಮೂರನೇ ಗುರುವಾರ, ಸಭೆ ಶುರುವಾಗಿ ಹತ್ತು ನಿಮಿಷಕ್ಕೆ ಅದು ಆರಿತು. ಮತ್ತೆ ಹೊತ್ತಿತು. ಎಲ್ಲರೂ ಮನಸ್ಸಿನಲ್ಲೇ ನಾಲ್ಕು ಎಣಿಸಿದೆವು. ಆರಿತು. ಕೆಂಪು ದೀಪ ಮೂರು ಸಲ ಮಿಟುಕಿತು.

"ಇದರ ಬಗ್ಗೆ ಏನಾದರೂ ಮಾಡಬೇಕೇ?" ಎಂದು ಖಜಾಂಚಿ ಕೇಳಿದ. ಅವನು ಹೊಸಬ.

"ಈ ವಿಷಯ ನಾನೂರ ಹನ್ನೆರಡರಲ್ಲಿ ಎರಡು ಸಲ ಬಗೆಹರಿದಿದೆ," ಎಂದ ಪ್ರಿಂಗಲ್. "ಬಗೆಹರಿದ ವಿಷಯ ಸಮಸ್ಯೆಯಾಗಲು ಬರುವುದಿಲ್ಲ. ಅನುಮೋದಿಸುವವರು?"

ಐಲಿ ಎದ್ದಿದ್ದಳು. ಕಾಫಿಯ ಪಾತ್ರೆ ಹೊತ್ತಿ ತಳ ಹಿಡಿದಿತ್ತು, ಅದನ್ನು ತೊಳೆಯಲು ಮೂಲೆಯ ಸಿಂಕಿಗೆ ಹೋಗಿದ್ದಳು. ಸಿಂಕಿಗೂ ಫರ್ನೇಸಿಗೂ ಐದು ಹೆಜ್ಜೆ. "ಅನುಮೋದಿಸುತ್ತೇನೆ," ಎಂದಳು, ಬೆನ್ನು ತಿರುಗಿಸಿಕೊಂಡೇ. ಕೈಚೀಲದಿಂದ ಶಾಲೆಯ ಅಡುಗೆಮನೆಯ ಸ್ಟೀಲಿನ ನಾರು ತೆಗೆದು, ಕಪ್ಪು ಪೂರ್ತಿ ಬಿಡುವವರೆಗೆ ಉಜ್ಜಿದಳು. ಪಾತ್ರೆ ಥಳಥಳ ಹೊಳೆಯಿತು. ದೀಪದ ಬೆಳಕಿಗೆ ಹಿಡಿದು ನೋಡಿ, ನಾರನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡು, ಕೋಟಿನ ಗುಂಡಿ ಕತ್ತಿನವರೆಗೂ ಹಾಕಿ, ಬಂದು ಕೂತಳು.

ಎಲ್ಲರೂ ಕೋಟು ಹಾಕಿಕೊಂಡರು. ನಾನು ವ್ಯಾನಿನಿಂದ ಎರಡು ಹೀಟರ್ ತಂದೆ. ಕಾರ್ಯಸೂಚಿಯ ಮುಂದಿನ ವಿಷಯ, ಕರಡಿ ಏನು ಮಾಡಿದ ಎಂದು ಕೇಳಿ ಸತ್ತ ಚರ್ಚೆಯನ್ನು ಅನುಮತಿಯಿಲ್ಲದೆ ಎಬ್ಬಿಸಿದ್ದಕ್ಕೆ ತೀರಿಕೊಂಡ ಹಾರ್ವಿಯ ಹೆಂಡತಿಗೆ ಎಚ್ಚರಿಕೆ ಪತ್ರ, ಸರ್ವಾನುಮತದಿಂದ ಅಂಗೀಕಾರವಾಯಿತು.